ಗಾಡಿಗೆ ಸಲಾಂ, ಮಿಸ್ತ್ರಿಗೆ ಯಾಕಿಲ್ಲ?

ಕಳೆದ ತಿಂಗಳು ಅಕೌಂಟೆನ್ಸಿ ಪೀರಿಯಡ್‌ನಲ್ಲಿ ಸರ್, ಫಸ್ಟ್ ಪಿಯುಸಿಯಲ್ಲಿ ಕಲಿತ ಸವಕಳಿಯ ಲೆಕ್ಕವನ್ನು ಮತ್ತೊಮ್ಮೆ ನೆನಪು ಮಾಡಿಸುತ್ತಿದ್ದರು. ಯಂತ್ರ ಕೊಂಡ ಬೆಲೆ ಇಷ್ಟು, ಬಾಳಿಕೆ ಹತ್ತು ವರ್ಷ, ಕೊನೆಗೆ ಸಿಗುವ ಗುಜರಿ ಬೆಲೆ ಇಷ್ಟು. ನಡುವಿನ ಮೊತ್ತವನ್ನು ಹತ್ತರಿಂದ ಭಾಗಿಸಿ, ವರ್ಷಕ್ಕೊಮ್ಮೆ ಕಳೆಯುತ್ತಾ ಹೋಗಿ. ಆಗ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತ. "ಸರ್, ಲ್ಯಾಂಬೋರ್ಗಿನಿ ಕುಂಟಾಷ್ ಕಾರಿಗೆ ಐವತ್ತು ವರ್ಷ ಆಯ್ತು. ಅದರ ಬೆಲೆ ಇಳಿಯೋ ಬದಲು ಏರ್ತಾನೇ ಇದೆ. ಯಾಕೆ?" ಎಂದು ಕೇಳಿದ. ಕ್ಲಾಸೆಲ್ಲಾ ನಕ್ಕಿತು. ಸರ್ ನಗಲಿಲ್ಲ. "ಒಳ್ಳೆ ಪ್ರಶ್ನೆ. ಯಾರಾದರೂ ಉತ್ತರ ಬರೆದು ತನ್ನಿ" ಎಂದರು. ಯಾರೂ ತರಲಿಲ್ಲ. ಈ ಲೇಖನವೇ ನನ್ನ ಉತ್ತರ ಎಂದು ಸರ್ ದಯವಿಟ್ಟು ತಿಳಿಯಬೇಕು.

ಆ ಕಾರನ್ನು ನಾನು ಕಣ್ಣಾರೆ ಕಂಡಿಲ್ಲ. ನಮ್ಮ ಕಾಲೇಜಿನಲ್ಲಿ ಯಾರೂ ಕಂಡಿರಲಿಕ್ಕಿಲ್ಲ. ಆದರೂ ಎಷ್ಟೋ ಹುಡುಗರ ಮೊಬೈಲಿನಲ್ಲಿ ಅದರ ಚಿತ್ರ ಇದೆ. ಹೆಸರು ಕೇಳಿದರೆ ಕುಂಟುವ ಕಾರು ಅನ್ನಿಸುತ್ತದೆ. ನಿಜವಾಗಿ ಅದು ಇಟಲಿಯ ಒಂದು ಭಾಗದ ಆಡುಮಾತಿನ ಉದ್ಗಾರ, ನಾವು "ಅಬ್ಬಬ್ಬಾ" ಅನ್ನುವ ಹಾಗೆ. ಇದನ್ನು ತಯಾರಿಸಿದ ಕಂಪನಿಯನ್ನು ಕಟ್ಟಿದ ಫೆರುಚಿಯೊ ಲ್ಯಾಂಬೋರ್ಗಿನಿ ರೈತರ ಮನೆಯವರು. ಮೊದಲು ಟ್ರ್ಯಾಕ್ಟರ್ ತಯಾರಿಸಿ, 1963ರಲ್ಲಿ ಕಾರಿಗೆ ಬಂದವರು. ಕುಂಟಾಷ್‌ನ ವಿನ್ಯಾಸ ಮಾಡಿದವರು ಮಾರ್ಚೆಲ್ಲೊ ಗಾಂದಿನಿ. 1971ರಲ್ಲಿ ಜಿನೀವಾದ ಮೋಟಾರು ಪ್ರದರ್ಶನದಲ್ಲಿ ಮೊದಲ ಮಾದರಿಯನ್ನು ತೋರಿಸಿದರು. 1974ರಿಂದ 1990ರವರೆಗೆ ತಯಾರಾದದ್ದು ಸುಮಾರು ಎರಡು ಸಾವಿರ ಕಾರು ಮಾತ್ರ.

ಉಪಯೋಗದ ದೃಷ್ಟಿಯಿಂದ ನೋಡಿದರೆ ಅದು ಬಹಳ ತೊಂದರೆಯ ಕಾರು. ಬಾಗಿಲು ಮೇಲಕ್ಕೆ ತೆರೆಯುತ್ತದೆ. ಹಿಂದೆ ಏನಿದೆ ಎಂದು ಸರಿಯಾಗಿ ಕಾಣುವುದಿಲ್ಲ. ರಿವರ್ಸ್ ತೆಗೆಯಬೇಕಾದರೆ ಬಾಗಿಲು ಎತ್ತಿ, ಅದರ ಹೊಸ್ತಿಲಿನ ಮೇಲೆ ಕುಳಿತು, ಹೊರಗೆ ಬಗ್ಗಿ ನೋಡುತ್ತಾ ತೆಗೆಯುತ್ತಿದ್ದರು. ನಮ್ಮ ಖಡೇಬಜಾರಿನ ಸಂಜೆಯ ಗದ್ದಲದಲ್ಲಿ ಅದನ್ನು ಹತ್ತು ಮಾರು ಓಡಿಸುವುದೂ ಕಷ್ಟ. ವೇಗದಲ್ಲೂ ಇಂದಿನ ಎಷ್ಟೋ ಕಾರುಗಳು ಅದನ್ನು ಹಿಂದೆ ಹಾಕಿವೆ. ಅಂದಮೇಲೆ ಜನ ಅದಕ್ಕೆ ಮರುಳಾಗುವುದು ವೇಗಕ್ಕೂ ಅಲ್ಲ, ಅನುಕೂಲಕ್ಕೂ ಅಲ್ಲ. ಮತ್ತೆ ಯಾವುದಕ್ಕೆ?

ಇಟಲಿ ದೂರವಾಯಿತು. ಇದೇ ಪ್ರಶ್ನೆ ಕೇಳಲು ನಮ್ಮ ರಾಜ್ಯದಲ್ಲೇ ಒಂದು ಗಾಡಿ ಇದೆ. ಅದು ಮೈಸೂರಿನ ಯೆಜ್ಡಿ. ನಮ್ಮ ನಾನಾ, ಅಂದರೆ ಅಮ್ಮಿಯ ತಂದೆ, ಖಾನಾಪುರದಲ್ಲಿ ಅದನ್ನೇ ಓಡಿಸುತ್ತಿದ್ದರು. ಕಾರಿಗೂ ಬೈಕಿಗೂ ಏನು ಹೋಲಿಕೆ ಎಂದು ಕೇಳಬೇಡಿ. ನಮ್ಮ ನಾನಾ ಅವರ ಕಾಲದ ಹುಡುಗರಿಗೆ ಅದೇ ಸೂಪರ್‌ಕಾರು.

ಯೆಜ್ಡಿಯ ಕಥೆ ವಾಣಿಜ್ಯ ವಿದ್ಯಾರ್ಥಿಗಳು ಓದಲೇಬೇಕಾದದ್ದು. 1929ರಲ್ಲಿ ಚೆಕೊಸ್ಲೊವಾಕಿಯಾದ ಯಾನೆಚೆಕ್ ಎಂಬ ಉದ್ಯಮಿ, ಜರ್ಮನಿಯ ವಾಂಡರರ್ ಕಂಪನಿಯ ಮೋಟಾರ್‌ಸೈಕಲ್ ವಿಭಾಗವನ್ನು ಕೊಂಡರು. ಎರಡೂ ಹೆಸರಿನ ಮೊದಲ ಅಕ್ಷರಗಳನ್ನು ಸೇರಿಸಿ ಜಾವಾ ಎಂದು ಕರೆದರು. ನಮ್ಮ ದೇಶದ ಇರಾನಿ ಕುಟುಂಬದವರು ಅದನ್ನು ಇಲ್ಲೇ ತಯಾರಿಸಲು ಮೈಸೂರಿನಲ್ಲಿ ಐಡಿಯಲ್ ಜಾವಾ ಕಂಪನಿ ಕಟ್ಟಿದರು. 1961ರಲ್ಲಿ ಕಾರ್ಖಾನೆಯನ್ನು ಉದ್ಘಾಟಿಸಿದವರು ಜಯಚಾಮರಾಜ ಒಡೆಯರ್. 1973ರಲ್ಲಿ ಯೆಜ್ಡಿ ಎಂಬ ಹೆಸರು ಬಂತು. 1978ರಲ್ಲಿ ರೋಡ್‌ಕಿಂಗ್ ಎಂಬ ಮಾಡೆಲ್ ಬಂತು. ಒಂದೇ ಸಿಲಿಂಡರ್, ಆದರೆ ಎರಡು ಸೈಲೆನ್ಸರ್. ಎಲ್ಲಕ್ಕಿಂತ ಮಜಾ ಅಂದರೆ, ಕಿಕ್ಕೂ ಗೇರೂ ಒಂದೇ. ಎಡಗಡೆಯ ಗೇರನ್ನು ಒಳಗೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಅದೇ ಕಿಕ್ ಆಗುತ್ತದೆ. ಗೊತ್ತಿಲ್ಲದವರು ಗಾಡಿಯ ಸುತ್ತ ಎರಡು ಸಲ ತಿರುಗಿ ಕಿಕ್ ಎಲ್ಲಿದೆ ಎಂದು ಹುಡುಕುತ್ತಾರೆ.

1980ರ ದಶಕದಲ್ಲಿ ಜಪಾನಿ ಕಂಪನಿಗಳ ಜೊತೆ ಸೇರಿ ತಯಾರಿಸಿದ 100 ಸಿಸಿ ಬೈಕುಗಳು ಬಂದವು. ಅವು ಹಗುರ, ಪೆಟ್ರೋಲು ಕಡಿಮೆ ಕುಡಿಯುತ್ತವೆ. ಹೊಗೆಯ ನಿಯಮಗಳೂ ಬಿಗಿಯಾದವು. 1996ರಲ್ಲಿ ಮೈಸೂರಿನ ಕಾರ್ಖಾನೆ ಮುಚ್ಚಿತು. ಕಂಪನಿ ಲಿಕ್ವಿಡೇಶನ್‌ಗೆ ಹೋಯಿತು. ನಮ್ಮ ಪಠ್ಯದ ಪ್ರಕಾರ ಕಥೆ ಅಲ್ಲಿಗೆ ಮುಗಿಯಬೇಕಿತ್ತು. ಮುಗಿಯಲಿಲ್ಲ. ಜುಲೈ ತಿಂಗಳ ಎರಡನೇ ಭಾನುವಾರ ಜಾವಾ-ಯೆಜ್ಡಿ ದಿನ ಎಂದು ಊರೂರಲ್ಲಿ ಜನ ಹಳೆಯ ಗಾಡಿ ಹೊರಗೆ ತೆಗೆಯುತ್ತಾರೆ. 2022ರಲ್ಲಿ ಬೇರೊಂದು ಕಂಪನಿ ಯೆಜ್ಡಿ ಹೆಸರಿನಲ್ಲಿ ಹೊಸ ಬೈಕುಗಳನ್ನು ಬಿಟ್ಟಿತು. ಅದೇ ವರ್ಷದ ಡಿಸೆಂಬರಿನಲ್ಲಿ ಕರ್ನಾಟಕ ಹೈಕೋರ್ಟಿನ ಏಕಸದಸ್ಯ ಪೀಠ, ಆ ಹೆಸರು ಲಿಕ್ವಿಡೇಶನ್‌ನಲ್ಲಿರುವ ಹಳೆಯ ಕಂಪನಿಯದ್ದೇ ಎಂದು ತೀರ್ಪು ಕೊಟ್ಟಿತು. ಅದರ ಮೇಲೆ ಮೇಲ್ಮನವಿಯೂ ಹೋಯಿತು. ಯೋಚಿಸಿ ನೋಡಿ: ಕಾರ್ಖಾನೆ ಮುಚ್ಚಿ ಕಾಲು ಶತಮಾನ ಆದ ಮೇಲೂ ಬರೀ ಹೆಸರಿಗಾಗಿ ಕೋರ್ಟಿನಲ್ಲಿ ಜಗಳ. ಗುಡ್‌ವಿಲ್ ಎಂದರೇನು ಎಂಬ ಪ್ರಶ್ನೆಗೆ ಇದಕ್ಕಿಂತ ಒಳ್ಳೆ ಉದಾಹರಣೆ ನನಗೆ ಸಿಕ್ಕಿಲ್ಲ.

ಈಗ ನಮ್ಮ ಮನೆಯ ವಿಷಯ. ನಾನಾ ಖಾನಾಪುರದಲ್ಲಿ ಹಂಚಿನ ವ್ಯಾಪಾರ ಮಾಡುತ್ತಿದ್ದರು. ಖಾನಾಪುರದ ಜೇಡಿಮಣ್ಣು, ಅಲ್ಲಿಯ ಹಂಚು, ಮಡಕೆ ಎಲ್ಲರಿಗೂ ಗೊತ್ತು. 1991ರಲ್ಲಿ ಅವರು ರೋಡ್‌ಕಿಂಗ್ ಕೊಂಡರು. ಚೀಲದಲ್ಲಿ ಎರಡು ನಮೂನೆ ಹಂಚು ಇಟ್ಟುಕೊಂಡು ನಂದಗಡ, ಬೀಡಿ, ಜಾಂಬೋಟಿ, ಕಣಕುಂಬಿ ಎಂದು ಆರ್ಡರ್ ಹಿಡಿಯಲು ಹೋಗುತ್ತಿದ್ದರು. ಆ ಕಡೆಯ ಮಳೆ ನಿಮಗೆ ಗೊತ್ತಲ್ಲ. ಪ್ಲಗ್ ಒದ್ದೆಯಾಗಿ ಗಾಡಿ ನಿಂತರೆ, ಮರದ ಕೆಳಗೆ ನಿಂತು ಪ್ಲಗ್ ಬಿಚ್ಚಿ, ಕರವಸ್ತ್ರದಲ್ಲಿ ಒರೆಸಿ, ಮತ್ತೆ ಹಾಕಿ ಹೊರಡುತ್ತಿದ್ದರು. ನಾನು ಆರನೇ ತರಗತಿಯಲ್ಲಿದ್ದಾಗ ಪ್ಲಗ್ ಬಿಚ್ಚುವುದನ್ನು ನನಗೂ ಕಲಿಸಿದರು. ಹುಡುಗಿಗೆ ಇದೆಲ್ಲಾ ಯಾಕೆ ಎಂದು ನಾನಿ ಗದರಿದರೆ, "ದಾರಿಯಲ್ಲಿ ನಿಂತ ಗಾಡಿ ಹುಡುಗ ಹುಡುಗಿ ನೋಡುವುದಿಲ್ಲ" ಎನ್ನುತ್ತಿದ್ದರು. ಮೂರು ವರ್ಷದ ಹಿಂದೆ ಅವರು ತೀರಿಕೊಂಡರು. ಅಂದಿನಿಂದ ಗಾಡಿ ಪಡಸಾಲೆಯಲ್ಲಿ ಗೋಣಿತಾಟು ಹೊದ್ದುಕೊಂಡು ನಿಂತಿತ್ತು.

ಈ ವರ್ಷದ ಮಳೆಗೆ ಖಾನಾಪುರದ ಮನೆಯ ಹಿಂಭಾಗದ ಛಾವಣಿ ಕುಸಿಯುವ ಹಾಗಾಯಿತು. ತೊಲೆ ಕೊಳೆತಿತ್ತು, ರೀಪುಗಳು ಬಾಗಿದ್ದವು. ಜೀವನಪೂರ್ತಿ ಬೇರೆಯವರ ಮನೆಗೆ ಹಂಚು ಕೊಟ್ಟವರ ಮನೆಯೇ ಸೋರತೊಡಗಿತು. ಅದೇ ಸಮಯಕ್ಕೆ ಕೊಲ್ಹಾಪುರದವರೊಬ್ಬರು ಯಾರಿಂದಲೋ ಸುದ್ದಿ ತಿಳಿದು ಬಂದರು. ಗೋಣಿತಾಟು ಸರಿಸಿ ನೋಡಿ, "ಸ್ಟಾರ್ಟ್ ಮಾಡಿ ತೋರಿಸಿ, 85,000 ಕೊಡುತ್ತೇನೆ" ಎಂದರು.

ನಾನು ಮನೆಗೆ ಬಂದು ಸರಳ ರೇಖಾ ವಿಧಾನದಲ್ಲಿ ಲೆಕ್ಕ ಹಾಕಿದೆ. ಹಳೆಯ ಬಿಲ್ಲು ಸಿಗಲಿಲ್ಲ. ಲೆಕ್ಕಕ್ಕೆಂದು ಕೊಂಡ ಬೆಲೆ 20,000, ಗುಜರಿ ಬೆಲೆ 2,000, ಬಾಳಿಕೆ ಹತ್ತು ವರ್ಷ ಎಂದಿಟ್ಟುಕೊಂಡೆ. ವರ್ಷಕ್ಕೆ 1,800 ಸವಕಳಿ. 2001ಕ್ಕೆ ಪುಸ್ತಕದಲ್ಲಿ ಉಳಿಯುವುದು 2,000 ರೂಪಾಯಿ. ಈಗ ಅದಕ್ಕೆ ನಲವತ್ತು ಪಟ್ಟಿಗಿಂತ ಹೆಚ್ಚು ಕೊಡುವವರು ಬಾಗಿಲಿಗೆ ಬಂದಿದ್ದಾರೆ. ರೂಪಾಯಿಯ ಬೆಲೆ ಇಳಿದಿದೆ, ಒಪ್ಪುತ್ತೇನೆ. ಆದರೆ ಅದೇ ಕಾಲದಲ್ಲಿ ಕೊಂಡ ನಮ್ಮ ನಾನಿಯ ಮಿಕ್ಸರ್‌ಗೆ ಗುಜರಿಯವನು ನೂರು ರೂಪಾಯಿಯನ್ನೂ ಕೊಡಲಿಲ್ಲ. ಹಾಗಾದರೆ ಮಿಕ್ಸರ್‌ಗೂ ಯೆಜ್ಡಿಗೂ ವ್ಯತ್ಯಾಸ ಏನು?

ಅದು ನನಗೆ ತಿಳಿದದ್ದು ದಸರಾ ರಜೆಯಲ್ಲಿ. ಮಾಮು ಗಾಡಿಯನ್ನು ಟೆಂಪೊದಲ್ಲಿ ಹಾಕಿಸಿ ಬೆಳಗಾವಿಗೆ ತಂದರು. ನಾನಾ ಅವರ ಗಾಡಿಯನ್ನು ಮೊದಲಿನಿಂದಲೂ ರಿಪೇರಿ ಮಾಡುತ್ತಿದ್ದ ಮಿಸ್ತ್ರಿ ಕಾಕಾ ಅವರ ಗ್ಯಾರೇಜು ಕ್ಯಾಂಪ್ ಹತ್ತಿರದ ಒಂದು ಓಣಿಯಲ್ಲಿದೆ. ನಾನೂ ಜೊತೆಗೆ ಹೋಗಿದ್ದೆ. ಕಾಕಾ ಗಾಡಿ ನೋಡಿ, "ಏನ ತಂಗಿ, ಸಾಹೇಬ್ರ ಗಾಡಿ ಮಾರಾಕ ತಂದ್ರೇನು?" ಎಂದರು. ನನಗೆ ಉತ್ತರ ಬರಲಿಲ್ಲ.

ಎರಡು ದಿನ ಕೆಲಸ ನಡೆಯಿತು. ಕಾರ್ಬುರೇಟರಿನಲ್ಲಿ ಪೆಟ್ರೋಲು ಒಣಗಿ ಅಂಟಾಗಿತ್ತು. ಪಾಯಿಂಟ್‌ಗೆ ಕಿಲುಬು ಹಿಡಿದಿತ್ತು. ಕ್ಲಚ್ ಪ್ಲೇಟುಗಳು ಒಂದಕ್ಕೊಂದು ಕಚ್ಚಿಕೊಂಡಿದ್ದವು. ಒಂದು ಬುಷ್ ಸವೆದುಹೋಗಿತ್ತು. "ಕಂಪನಿ ಪಾರ್ಟ್ ಎಲ್ಲಿಂದ ತರೂದು? ಕಂಪನೀನ ಇಲ್ಲ" ಎಂದು ಕಾಕಾ ನಕ್ಕರು. ಕೈಕೆಳಗಿನ ಹುಡುಗನನ್ನು ಉದ್ಯಮಬಾಗಕ್ಕೆ ಕಳಿಸಿ, ಲೇಥ್‌ನಲ್ಲಿ ಹೊಸ ಬುಷ್ ಕಡೆಸಿ ತರಿಸಿದರು. ನಮ್ಮ ಬೆಳಗಾವಿ ಎಂದರೆ ಕುಂದಾ ಎಂದಷ್ಟೇ ಹೇಳುತ್ತೇವೆ. ಎಷ್ಟೋ ವಾಹನಗಳ ಬಿಡಿಭಾಗಗಳು ಎರಕವಾಗುವ ಊರು ಇದು ಎನ್ನುವುದನ್ನು ಮರೆಯುತ್ತೇವೆ.

ಎರಡನೇ ದಿನ ಸಂಜೆ ಗಾಡಿ ಸ್ಟಾರ್ಟ್ ಆಯಿತು. ನೀಲಿ ಹೊಗೆ, ಆ ಢುಂ ಢುಂ ಸದ್ದು. ಪಕ್ಕದ ಚಹಾದಂಗಡಿಯವರು ಎದ್ದು ಬಂದು ನಿಂತರು. ಮಾಮು ಕಣ್ಣು ಒರೆಸಿಕೊಂಡರು, ಹೊಗೆಗೋ ಏನೋ.

ಆಮೇಲೆ ಮಜೂರಿಯ ಮಾತು ಬಂತು. ಕಾಕಾ 2,000 ಕೇಳಿದರು. ಇಬ್ಬರ ಎರಡು ದಿನದ ಕೆಲಸ. ಮಾಮು, "300 ಕಡಿಮೆ ಮಾಡ್ಕೊಳ್ರಿ" ಎಂದರು. ಕಾಕಾ ಸುಮ್ಮನೆ 1,700 ತೆಗೆದುಕೊಂಡರು. ಅವರು ಮುಟ್ಟದಿದ್ದರೆ ಆ ಗಾಡಿ ಗುಜರಿ. ಅವರು ಮುಟ್ಟಿದ್ದಕ್ಕೆ 85,000. ಆ 85,000ದ ಲೆಕ್ಕ ಹಾಕುತ್ತಾ ನಿಂತವರು, 300 ರೂಪಾಯಿಗೆ ಚೌಕಾಸಿ ಮಾಡಿದೆವು. ಮಾಡಿದವರು ಬೇರೆ ಯಾರೂ ಅಲ್ಲ, ನಾವೇ.

ಇನ್ನೊಂದು ವಿಷಯ ಬರೆಯಲು ನಾಚಿಕೆ ಆಗುತ್ತದೆ, ಆದರೂ ಬರೆಯುತ್ತೇನೆ. ಲೇಥ್‌ಗೆ ಹೋಗಿ ಬಂದ ಹುಡುಗ ನನ್ನ ಜೊತೆ ಹತ್ತನೇ ತರಗತಿವರೆಗೆ ಓದಿದವನು. ಗಣಿತದಲ್ಲಿ ನನಗಿಂತ ಚುರುಕು. ಕ್ಲಚ್ ಕಚ್ಚಿಕೊಂಡಿದೆ ಎಂದು ಮೊದಲು ಹೇಳಿದವನೂ ಅವನೇ. ಅವನು ನನ್ನನ್ನು ನೋಡಿ ತಲೆ ತಗ್ಗಿಸಿದ. ನಾನೂ ಪರಿಚಯ ಇಲ್ಲದವಳ ಹಾಗೆ ನಿಂತೆ. ಎರಡು ದಿನ ಒಂದು ಸಲಾಂ ಕೂಡ ಹೇಳಲಿಲ್ಲ. ಅವನ ಕೈಗೆ ಗ್ರೀಸ್ ಹತ್ತಿತ್ತು, ನನ್ನ ಮೈಮೇಲೆ ಕಾಲೇಜಿನ ಗುರುತು ಇತ್ತು, ಅಷ್ಟೇ.

ಕಾಕಾ ಅವರ ಮಗ ಎಲ್ಲಿ ಎಂದು ಮಾಮು ಕೇಳಿದಾಗ ಬಂದ ಉತ್ತರ ಇದು: "ಅವನ್ನ ಮೊಬೈಲ್ ಅಂಗಡಿಗೆ ಹಾಕೇನ್ರಿ. ಗ್ಯಾರೇಜ್ ಅಂದ್ರ ಯಾರೂ ಹೆಣ್ಣ ಕೊಡೂದಿಲ್ಲ."

ಇಲ್ಲಿಗೆ ಸರ್ ಕೇಳಿದ ಪ್ರಶ್ನೆಗೆ ನನ್ನ ಉತ್ತರ ಸಿಕ್ಕಿತು. ಸವಕಳಿಯ ಲೆಕ್ಕ ತಪ್ಪಲ್ಲ. ಪ್ರತಿಯೊಂದು ಯಂತ್ರವೂ ಸವೆಯುತ್ತದೆ, ಕುಂಟಾಷ್ ಕೂಡ. ಆದರೆ ಕೆಲವು ಯಂತ್ರಗಳನ್ನು ಬಿಚ್ಚಬಹುದು, ಒಳಗೆ ಏನಿದೆ ಎಂದು ನೋಡಬಹುದು, ಸವೆದದ್ದನ್ನು ಕೈಯಿಂದ ಮತ್ತೆ ಮಾಡಬಹುದು. ಅಂಥ ಯಂತ್ರವನ್ನು ಬಲ್ಲ ಕೈ ಇರುವವರೆಗೆ ಅದು ಹಳೆಯದಾಗುತ್ತದೆ, ಗುಜರಿ ಆಗುವುದಿಲ್ಲ. ಮಿಕ್ಸರನ್ನು ರಿಪೇರಿ ಮಾಡಿಸಿ ಉಳಿಸಿಕೊಳ್ಳಬೇಕು ಎಂದು ಯಾರಿಗೂ ಅನ್ನಿಸಲಿಲ್ಲ, ಯೆಜ್ಡಿಯನ್ನು ಉಳಿಸಿಕೊಳ್ಳಬೇಕು ಎಂದು ಊರಿಗೊಬ್ಬ ಮಿಸ್ತ್ರಿಗೆ ಅನ್ನಿಸಿತು. ಚಂದ, ಅಪರೂಪ, ನೆನಪು ಎಲ್ಲವೂ ಬೆಲೆ ಏರಿಸುತ್ತವೆ ನಿಜ. ಆದರೆ ಸ್ಟಾರ್ಟ್ ಆಗದ ಗಾಡಿಗೆ ಕೊಲ್ಹಾಪುರದವರು 85,000 ಹೇಳಲಿಲ್ಲ, ಸ್ಟಾರ್ಟ್ ಮಾಡಿ ತೋರಿಸಿ ಎಂದೇ ಹೇಳಿದರು.

ಇಟಲಿಯವರು ಇದನ್ನು ಚೆನ್ನಾಗಿ ಅರಿತಿದ್ದಾರೆ. ಹಳೆಯ ಕಾರುಗಳನ್ನು ಸರಿಪಡಿಸಲು, ಅವು ಅಸಲಿ ಎಂದು ಪ್ರಮಾಣಪತ್ರ ಕೊಡಲು ಲ್ಯಾಂಬೋರ್ಗಿನಿ ಕಂಪನಿ ಪೋಲೊ ಸ್ತೋರಿಕೊ ಎಂಬ ಪ್ರತ್ಯೇಕ ವಿಭಾಗವನ್ನೇ ಇಟ್ಟಿದೆ. 1971ರಲ್ಲಿ ಜಿನೀವಾದಲ್ಲಿ ತೋರಿಸಿದ್ದ ಮೊದಲ ಕುಂಟಾಷ್ ಡಿಕ್ಕಿ ಪರೀಕ್ಷೆಯಲ್ಲಿ ನಾಶವಾಗಿತ್ತು. ಅಭಿಮಾನಿಯೊಬ್ಬರಿಗಾಗಿ ಆ ವಿಭಾಗದವರು ಅಂಥದ್ದೇ ಇನ್ನೊಂದನ್ನು ಮತ್ತೆ ಕಟ್ಟಿ, 2021ರಲ್ಲಿ ತೋರಿಸಿದರು. ಅದಕ್ಕೆ ಹಿಡಿದದ್ದು 25,000 ಗಂಟೆಗಿಂತ ಹೆಚ್ಚಿನ ಕೆಲಸ. ನಾವು ಮೊಬೈಲಿನಲ್ಲಿ ನೋಡಿ "ಅಬ್ಬಬ್ಬಾ" ಅನ್ನುವುದು ಕಾರಿಗೆ. ಅದರ ಹಿಂದೆ ಇರುವುದು ಯಾರದೋ ಕೈಗಳ ಅಷ್ಟು ಗಂಟೆಗಳ ಕೆಲಸ.

ನಮ್ಮಲ್ಲಿ ಆ ಕೈಗಳಿಗೆ ಏನು ಮರ್ಯಾದೆ? ಮನೆಯಲ್ಲಿ ಅಂಕ ಕಡಿಮೆ ಬಂದರೆ ಕೇಳುವ ಮೊದಲ ಮಾತು, "ಓದದಿದ್ದರೆ ಗ್ಯಾರೇಜಿಗೆ ಹಾಕ್ತೀನಿ ನೋಡು." ನಮ್ಮ ಮೊಹಲ್ಲಾಗಳ ಎಷ್ಟೋ ಮನೆಗಳ ಒಲೆ ಗ್ಯಾರೇಜಿನ ದುಡಿಮೆಯಿಂದಲೇ ಉರಿಯುತ್ತಿದೆ. ಆದರೂ ಅದನ್ನೇ ಶಿಕ್ಷೆಯ ಹೆಸರು ಮಾಡಿಟ್ಟಿದ್ದೇವೆ. ಗಾಡಿಗೆ ಸಲಾಂ ಹೊಡೆಯುತ್ತೇವೆ, ಮಿಸ್ತ್ರಿಗೆ ಹೆಣ್ಣು ಕೊಡುವುದಿಲ್ಲ.

ನನ್ನ ಮಾತಿಗೆ ಎದುರುಮಾತು ಇದೆ ಎಂದು ಗೊತ್ತು. ಒಂದು, ಈ ಹಳೆಯ ಟೂ-ಸ್ಟ್ರೋಕ್ ಗಾಡಿಗಳು ಎಣ್ಣೆ ಸುಟ್ಟು ಹೊಗೆ ಬಿಡುತ್ತವೆ. ನಿಜ. ದಿನಾ ಕಾಲೇಜಿಗೆ ಯೆಜ್ಡಿ ತನ್ನಿ ಎಂದು ನಾನು ಹೇಳುತ್ತಿಲ್ಲ. ಸೈಲೆನ್ಸರ್ ಬಿಚ್ಚಿ ಆಸ್ಪತ್ರೆಯ ಮುಂದೆ ಸದ್ದು ಮಾಡುವವರ ಪರವಾಗಿಯೂ ನಾನಿಲ್ಲ. ಹಳೆಯ ಗಾಡಿಯ ಮೇಲೆ ಪ್ರೀತಿ ಇದ್ದವರು ಸರಿಯಾಗಿ ಟ್ಯೂನ್ ಮಾಡಿಸಿ, 15 ವರ್ಷ ದಾಟಿದ ಗಾಡಿಗೆ 5 ವರ್ಷಕ್ಕೊಮ್ಮೆ ಮಾಡಿಸಬೇಕಾದ ನೋಂದಣಿ ನವೀಕರಣ ಮಾಡಿಸಿ, ಭಾನುವಾರಕ್ಕೊಮ್ಮೆ ಓಡಿಸಲಿ. ಎರಡು, ಓದು ಬಿಟ್ಟು ಗ್ಯಾರೇಜಿಗೆ ಹೋಗುವುದನ್ನು ಹೊಗಳಬಾರದು ಎನ್ನುತ್ತಾರೆ. ಅದೂ ನಿಜ. ಬಡತನದಿಂದ ಓದು ಬಿಡುವುದು ದುಃಖದ ವಿಷಯವೇ. ಆದರೆ ಓದು ನಿಂತಿತು ಎಂಬ ಕಾರಣಕ್ಕೆ ಅವನ ಕೈಯಲ್ಲಿರುವ ವಿದ್ಯೆ ವಿದ್ಯೆಯೇ ಅಲ್ಲ ಎನ್ನುವುದು ಅನ್ಯಾಯ. ಐಟಿಐಯಲ್ಲಿ ಮೋಟಾರ್ ಮೆಕ್ಯಾನಿಕ್ ಕೋರ್ಸ್ ಎರಡು ವರ್ಷ. ನಾವು ಓದುವ ಪಿಯುಸಿಯೂ ಎರಡೇ ವರ್ಷ.

ಕೊನೆಗೆ ಗಾಡಿ ಏನಾಯಿತು ಎಂದು ಕೇಳುವಿರಿ. ನಾನು ಮಾರಬೇಡಿ ಎಂದು ಅತ್ತೆ. ನಾನಿ ಒಂದೇ ಮಾತು ಹೇಳಿದರು: "ಅವರು ಹಂಚು ಮಾರಲು ಗಾಡಿ ಕೊಂಡಿದ್ದರು. ಈಗ ಗಾಡಿ ಮಾರಿ ಹಂಚು ಹಾಕಿಸಿದರೆ ಅವರಿಗೆ ಬೇಜಾರಾಗುವುದಿಲ್ಲ." ಗಾಡಿ ಕೊಲ್ಹಾಪುರಕ್ಕೆ ಹೋಯಿತು. ಖಾನಾಪುರದ ಮನೆಗೆ ಹೊಸ ತೊಲೆ, ಹೊಸ ರೀಪು, ಹಂಚು ಬಂದಿದೆ. ನಾನು ಎರಡು ವಾರ ಬೆನ್ನು ಹತ್ತಿದ ಮೇಲೆ ಮಾಮು ಆ 300 ರೂಪಾಯಿಯನ್ನು ಕಾಕಾ ಅವರಿಗೆ ಕೊಟ್ಟು ಬಂದರು.

ಅವತ್ತು ನಾನೂ ಹೋಗಿದ್ದೆ. ಈ ಸಲ ಹಳೆಯ ಸಹಪಾಠಿಗೆ ಸಲಾಂ ಹೇಳಿದೆ. ಅವನು ಸ್ವಲ್ಪ ಹೊತ್ತು ಬಿಟ್ಟು, "ನೀನು ಕಾಮರ್ಸ್ ಅಲ್ವಾ? ಗ್ಯಾರೇಜಿಗೆ ಬಿಲ್ ಬುಕ್ ಮಾಡಬೇಕು, ಬ್ಯಾಂಕಿನವರು ಲೆಕ್ಕ ಕೇಳ್ತಾರೆ. ಹೇಗೆ ಮಾಡೋದು?" ಎಂದು ಕೇಳಿದ. ಎರಡನೇ ವರ್ಷ ಅಕೌಂಟೆನ್ಸಿ ಓದುತ್ತಿರುವ ನನಗೆ ತಕ್ಷಣ ಹೇಳಲು ಆಗಲಿಲ್ಲ. ಕೇಳಿ ಹೇಳುತ್ತೇನೆ ಎಂದು ಬಂದೆ.

ಆದ್ದರಿಂದ ಪ್ರಾಂಶುಪಾಲರಲ್ಲಿ ಮತ್ತು ವಾಣಿಜ್ಯ ವಿಭಾಗದ ಗುರುಗಳಲ್ಲಿ ಎರಡು ವಿನಂತಿ. ಪ್ರತಿವರ್ಷ ಕರಿಯರ್ ಗೈಡೆನ್ಸ್‌ಗೆ ಬ್ಯಾಂಕಿನವರನ್ನೂ ಚಾರ್ಟರ್ಡ್ ಅಕೌಂಟೆಂಟರನ್ನೂ ಕರೆಯುತ್ತೀರಿ. ಈ ವರ್ಷ ಅವರ ಪಕ್ಕದಲ್ಲಿ ಒಬ್ಬ ಮಿಸ್ತ್ರಿಗೂ ಕುರ್ಚಿ ಹಾಕಿಸಿ. ಒಂದು ಇಂಜಿನ್ ಬಿಚ್ಚಿ ತೋರಿಸಲಿ, ನಾವು ನೆಲದ ಮೇಲೆ ಕುಳಿತು ನೋಡುತ್ತೇವೆ. ಎರಡನೆಯದು, ನಮ್ಮ ಸುತ್ತಲಿನ ಗ್ಯಾರೇಜುಗಳಿಗೆ ಹೋಗಿ ಬಿಲ್ ಬುಕ್ ಬರೆಯುವುದು, ದಿನದ ಜಮಾ-ಖರ್ಚು ಇಡುವುದು, ಉದ್ಯಮ್ ನೋಂದಣಿ ಮಾಡಿಸುವುದನ್ನು ನಾವು ವಿದ್ಯಾರ್ಥಿಗಳು ಹೇಳಿಕೊಡಲು ಅನುಮತಿ ಕೊಡಿ. ಅದನ್ನೇ ನಮ್ಮ ಪ್ರಾಜೆಕ್ಟ್ ಎಂದು ಪರಿಗಣಿಸಿದರೆ ಇನ್ನೂ ಸಂತೋಷ.

ಸ್ನೇಹಿತರೆ, ಈ ಕೆಲಸಕ್ಕೆ ಬರುವವರು ಶನಿವಾರ ಕ್ಲಾಸ್ ಮುಗಿದ ಮೇಲೆ ಲೈಬ್ರರಿ ಹತ್ತಿರ ಬನ್ನಿ. ಮೊದಲ ಗ್ಯಾರೇಜ್ ಯಾವುದು ಎಂದು ನಾನು ಆಗಲೇ ಗುರುತು ಮಾಡಿಟ್ಟಿದ್ದೇನೆ.

— ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗದ ವಿದ್ಯಾರ್ಥಿನಿ